ಸೋನಿ ಎ7 ಮಾರ್ಕ್ 4: ಫೋಟೊಗೂ ವಿಡಿಯೊಗೂ ಒಂದೇ ಬಾಡಿ, ಮೂರು ವರ್ಷದ ಬಳಕೆಯ ನಂತರ

ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನದು, ಒಳಗೆ ಕನ್ನಡಿಯಿಲ್ಲದ್ದು) ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಮೆಗಾಪಿಕ್ಸೆಲ್ ಎಷ್ಟು, ಎರಡನೆಯದು 4ಕೆ ಇದೆಯೇ ಎಂದು. ಫೋಟೊ, ವಿಡಿಯೊ ಎರಡನ್ನೂ ಒಂದೇ ಬಾಡಿಯಲ್ಲಿ ಮಾಡಬೇಕೆನ್ನುವವರು ಕೇಳಬೇಕಾದ್ದು ಬೇರೆ: ಸೆನ್ಸರ್ ಒಂದು ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ ಮುಗಿಸಲು ಎಷ್ಟು ಹೊತ್ತು ಬೇಕು? ಎ7 ಮಾರ್ಕ್ 4ರ ಒಳ್ಳೆಯ ಗುಣಗಳಲ್ಲಿ ಅರ್ಧ, ಕೊರತೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯ ಉತ್ತರದಲ್ಲೇ ಇವೆ.

ಈ ಕ್ಯಾಮೆರಾ ಪ್ರಕಟವಾದದ್ದು 2021ರ ಅಕ್ಟೋಬರ್‌ನಲ್ಲಿ. ಸೆನ್ಸರ್ 33 ಮೆಗಾಪಿಕ್ಸೆಲ್, ಸ್ಟ್ಯಾಕ್ಡ್ (ಬೇಗ ಓದಲು ಪದರಪದರವಾಗಿ ಕಟ್ಟಿದ ಬಗೆ) ಅಲ್ಲ. ಪೂರ್ತಿ ಅಗಲದ 4ಕೆ ವಿಡಿಯೊದಲ್ಲಿ ಒಂದು ಫ್ರೇಮ್ ಓದಲು ಸುಮಾರು 27 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಡುವಿನ ಸೂಪರ್ 35 ಎಂಬ ಚಿಕ್ಕ ಭಾಗವನ್ನಷ್ಟೇ ಓದಿದರೆ ಸುಮಾರು 13 ಮಿಲಿಸೆಕೆಂಡ್. 25ಪಿಯಲ್ಲಿ, ಅಂದರೆ ಸೆಕೆಂಡಿಗೆ 25 ಫ್ರೇಮ್ ಹಿಡಿಯುವಾಗ, ಒಂದು ಫ್ರೇಮಿಗೆ ಸಿಗುವ ಕಾಲ 40 ಮಿಲಿಸೆಕೆಂಡ್, 50ಪಿಯಲ್ಲಿ 20. ಇಪ್ಪತ್ತರೊಳಗೆ 27 ಹಿಡಿಸುವುದಿಲ್ಲ. 4ಕೆ 50ಪಿ ಅಥವಾ 60ಪಿ ಹಾಕಿದ ಕೂಡಲೇ ಚಿತ್ರ 1.5 ಪಟ್ಟು ಕ್ರಾಪ್ ಆಗುವುದಕ್ಕೆ ಕಾರಣ ಇದೇ. ಮುಂದೆ ಯಾವುದೋ ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ ಇದು ಸರಿಹೋದೀತು ಎಂದು ಕಾಯುವವರಿದ್ದಾರೆ, ಸರಿಹೋಗುವುದಿಲ್ಲ.

ಕ್ರಾಪ್ ಎಂದರೆ ಕೈಯಲ್ಲಿ ಏನಾಗುತ್ತದೆ? 24 ಎಂಎಂ ಲೆನ್ಸ್ 36ರಂತೆ ಕಾಣುತ್ತದೆ. ಮನೆಯ ನಡುಮನೆಯಲ್ಲಿ ನಡೆಯುವ ಉಪನಯನ, ಸೀಮಂತದಂಥ ಕಾರ್ಯಕ್ರಮಗಳಲ್ಲಿ ಬೆನ್ನು ಗೋಡೆಗೆ ಒತ್ತಿಕೊಂಡರೂ ಇಡೀ ಗುಂಪು ಫ್ರೇಮಿನೊಳಗೆ ಬರುವುದಿಲ್ಲ. ಚಿತ್ರದ ಸ್ಪಷ್ಟತೆಗೆ ಮಾತ್ರ ತೊಂದರೆಯಿಲ್ಲ, ಏಕೆಂದರೆ ಕ್ರಾಪ್ ಆದ ಮೇಲೂ ಅಗಲದಲ್ಲಿ ಸುಮಾರು 4,670 ಪಿಕ್ಸೆಲ್ ಉಳಿದಿರುತ್ತವೆ. ಆದರೆ ಸೆನ್ಸರ್‌ನ ಅರ್ಧಕ್ಕಿಂತ ಕಡಿಮೆ ಜಾಗ ಬಳಕೆಯಾಗುವುದರಿಂದ ಮಂದ ಬೆಳಕಿನಲ್ಲಿ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು ಆಗುವುದು) ತುಸು ಹೆಚ್ಚೇ ನಷ್ಟ. ಹಾಗಾಗಿ 25ಪಿಯನ್ನು ಮುಖ್ಯ ಮೋಡ್ ಮಾಡಿಕೊಂಡು, ನಿಧಾನಗತಿ ಬೇಕಾದ ದೃಶ್ಯಗಳಿಗಷ್ಟೇ 50ಪಿಗೆ ಹೋಗುವುದು ಈ ಕ್ಯಾಮೆರಾಕ್ಕೆ ಹೊಂದುವ ಪದ್ಧತಿ. ಎರಡನ್ನೂ ಮೋಡ್ ಡಯಲ್‌ನ 1, 2ರಲ್ಲಿ ಮೆಮೊರಿ ಮಾಡಿಟ್ಟುಕೊಂಡರೆ ಬದಲಿಸಲು ಒಂದು ಕ್ಷಣ ಸಾಕು.

ಪೂರ್ತಿ ಅಗಲದ 25ಪಿಗೆ ಬಂದರೆ, ಇಲ್ಲಿಯೇ ಈ ಸೆನ್ಸರ್‌ನ ಸೊಗಸು ಕಾಣುವುದು. 7ಕೆ ಅಗಲವನ್ನು ಓದಿ 4ಕೆಗೆ ಇಳಿಸುವುದರಿಂದ ರೇಷ್ಮೆ ಸೀರೆಯ ಜರಿ, ಮಲ್ಲಿಗೆ ದಂಡೆಯ ಒಂದೊಂದು ಮೊಗ್ಗು ಬಿಡಿಬಿಡಿಯಾಗಿ ಬರುತ್ತವೆ. ಸಣ್ಣ ಚೌಕಡಿ ಸೀರೆಗಳ ಮೇಲೆ ಹಳೆಯ ಕ್ಯಾಮೆರಾಗಳಲ್ಲಿ ಕುಣಿಯುತ್ತಿದ್ದ ಬಣ್ಣದ ಅಲೆ ಇಲ್ಲಿ ಬಹಳ ಕಡಿಮೆ. ಇದೇ ಬೆಲೆಯ ವರ್ಗದಲ್ಲಿ 33 ಮೆಗಾಪಿಕ್ಸೆಲ್ ಫೋಟೊ ಜೊತೆಗೆ ಇಂಥ 25ಪಿ ಕೊಟ್ಟಿದ್ದೇ ಈ ಕ್ಯಾಮೆರಾದ ದೊಡ್ಡ ಕೊಡುಗೆ.

ನಿಧಾನ ಓದಿನ ದಂಡ ತೆರಬೇಕಾದದ್ದು ಚಲನೆಯಲ್ಲಿ. ಕ್ಯಾಮೆರಾವನ್ನು ಬೇಗ ಪಕ್ಕಕ್ಕೆ ತಿರುಗಿಸಿದರೆ ಮಂಟಪದ ಕಂಬಗಳು ಓರೆಯಾಗುತ್ತವೆ. ಯಕ್ಷಗಾನದಲ್ಲಿ ಧೀಂಗಿಣ ತೆಗೆಯುವಾಗ ವೇಷದ ಕೈ, ಕಿರೀಟ ಬಾಗಿದಂತೆ ಕಾಣಬಹುದು. ಇದಕ್ಕೆ ಶಟರ್ ಸ್ಪೀಡ್ ಹೆಚ್ಚಿಸುವುದು ಮದ್ದಲ್ಲ. ಮಸುಕು ಕಡಿಮೆಯಾಗಿ ಬಾಗುವಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ. 25ಪಿಯಲ್ಲೂ ಸೂಪರ್ 35 ಮೋಡ್ ಆನ್ ಮಾಡಿಕೊಂಡರೆ ಓದಿನ ಕಾಲ ಅರ್ಧವಾಗುತ್ತದೆ; ರಂಗಸ್ಥಳದಿಂದ ದೂರ ಕುಳಿತು ಶೂಟ್ ಮಾಡುವವರಿಗೆ ಕ್ರಾಪ್ ಆಗಿ ಇನ್ನಷ್ಟು ಹತ್ತಿರ ಸಿಗುವುದೂ ಲಾಭವೇ.

ಇನ್ನೊಂದು ಪರಿಣಾಮವನ್ನು ಮದುವೆ ವಿಡಿಯೊ ಮಾಡುವವರೆಲ್ಲ ಅನುಭವಿಸಿರುತ್ತಾರೆ: ತಾಳಿ ಕಟ್ಟುವ ಕ್ಷಣದಲ್ಲಿ ಪಕ್ಕದ ಫೋಟೊಗ್ರಾಫರ್ ಫ್ಲ್ಯಾಷ್ ಹೊಡೆದರೆ ಫ್ರೇಮಿನ ಅರ್ಧ ಭಾಗ ಮಾತ್ರ ಬಿಳಿಯಾಗುತ್ತದೆ. ಫ್ಲ್ಯಾಷ್ ಬೆಳಗುವುದು ಮಿಲಿಸೆಕೆಂಡಿಗೂ ಕಡಿಮೆ ಕಾಲ, ಸೆನ್ಸರ್ ಓದುತ್ತಿರುವುದು 27 ಮಿಲಿಸೆಕೆಂಡ್. ಆ ಹೊತ್ತಿಗೆ ಬೆಳಕಿಗೆ ತೆರೆದಿದ್ದ ಸಾಲುಗಳಿಗಷ್ಟೇ ಅದು ತಾಗುತ್ತದೆ. ಕ್ಯಾಮೆರಾದಲ್ಲಿ ಇದಕ್ಕೆ ಪರಿಹಾರವಿಲ್ಲ. ಎಡಿಟಿಂಗ್‌ನಲ್ಲಿ ಆ ಒಂದು ಫ್ರೇಮ್ ತೆಗೆದು ಹಿಂದಿನ ಫ್ರೇಮನ್ನು ನಕಲಿಸಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಬೆಳಕಿನ ಮಿನುಗು

ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆದ್ದರಿಂದ ಮೊದಲ ದಿನವೇ ಮೆನುವಿನಲ್ಲಿ ಎನ್‌ಟಿಎಸ್‌ಸಿ/ಪಾಲ್ ಸೆಲೆಕ್ಟರ್ ಹುಡುಕಿ ಪಾಲ್‌ಗೆ ಇಡಬೇಕು. 25ಪಿ, 50ಪಿ ಆಯ್ಕೆಗಳು ಕಾಣಿಸುವುದು ಆಗಲೇ. 25ಪಿಗೆ ಶಟರ್ 1/50, 50ಪಿಗೆ 1/100. ಯೂಟ್ಯೂಬ್ ಪಾಠ ನೋಡಿ 30ಪಿ, 1/60 ಹಾಕಿದವರ ಛತ್ರದ ವಿಡಿಯೊಗಳಲ್ಲಿ ಗೋಡೆಯ ಮೇಲೆ ಪಟ್ಟೆಗಳು ಹರಿದಾಡುವುದು ಇದರಿಂದಲೇ.

ರಿಸೆಪ್ಷನ್ ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆ, ಡಿಮ್ಮರ್ ಹಾಕಿದ ಬಣ್ಣದ ಪಾರ್ ಲೈಟುಗಳ ಲೆಕ್ಕವೇ ಬೇರೆ. ಅವು ಕರೆಂಟಿನ ತಾಳಕ್ಕೆ ಮಿನುಗುವುದಿಲ್ಲ, ತಮ್ಮದೇ ವೇಗದಲ್ಲಿ ಮಿನುಗುತ್ತವೆ. ಆಗ ಆಂಟಿ-ಫ್ಲಿಕರ್ ಮೆನುವಿನೊಳಗಿನ ವೇರಿಯಬಲ್ ಶಟರ್ ಆನ್ ಮಾಡಿ, ಸ್ಕ್ರೀನ್ ನೋಡುತ್ತಾ ವೇಗವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಹೋದರೆ ಪಟ್ಟೆಗಳು ನಿಲ್ಲುವ ಒಂದು ಸ್ಥಾನ ಸಿಗುತ್ತದೆ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಲೈಟಿನವರಿಗೆ ಎಲ್ಲ ದೀಪ ಹಾಕಲು ಹೇಳಿ ಇದನ್ನು ಪರೀಕ್ಷಿಸಿಕೊಳ್ಳಬೇಕು. ಫೋಟೊಗೆ ಇರುವ ಆಂಟಿ-ಫ್ಲಿಕರ್ ಶೂಟಿಂಗ್ 100 ಮತ್ತು 120 ಹರ್ಟ್ಸ್ ಮಿನುಗನ್ನಷ್ಟೇ ಗುರುತಿಸುತ್ತದೆ. ಎಲ್‌ಇಡಿ ಗೋಡೆಗೆ ಅದು ಉಪಯೋಗಕ್ಕೆ ಬಾರದು.

ಪರದೆ ಚಲಿಸದೆ ಸೆನ್ಸರ್ ಓದಿನಿಂದಲೇ ಫೋಟೊ ತೆಗೆಯುವ ಸೈಲೆಂಟ್ ಶಟರ್ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು: ಛತ್ರದೊಳಗೆ ಬಳಸಬೇಡಿ. ಪೂರ್ತಿ ಚಿತ್ರ ಓದಲು ಸೆಕೆಂಡಿನ ಹದಿನೈದರಲ್ಲೊಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ದೀಪ ಆರೇಳು ಸಲ ಮಿನುಗಿರುತ್ತದೆ, ಚಿತ್ರದ ತುಂಬ ಪಟ್ಟೆ. ಭರತನಾಟ್ಯದವರ ಕೈ ಓರೆಯಾಗುವುದು ಬೇರೆ. ಹಗಲಿನ ಬೆಳಕಿನಲ್ಲಿ, ಕದಲದ ವಸ್ತುವಿಗೆ ಮಾತ್ರ ಅದು ಸರಿ. ಉಳಿದಂತೆ ಮೆಕ್ಯಾನಿಕಲ್ ಶಟರ್, ಫ್ಲ್ಯಾಷ್ ಸಿಂಕ್ (ಫ್ಲ್ಯಾಷ್ ಜೊತೆ ಬಳಸಬಹುದಾದ ಗರಿಷ್ಠ ವೇಗ) 1/250. ಎಫ್/1.4, ಎಫ್/1.8 ಲೆನ್ಸ್ ಪೂರ್ತಿ ತೆರೆದು ಬಿಸಿಲಿನಲ್ಲಿ 1/2000ಕ್ಕಿಂತ ವೇಗದಲ್ಲಿ ತೆಗೆಯುವಾಗ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಮೊದಲ ಪರದೆಯ ಕೆಲಸವನ್ನು ಸೆನ್ಸರ್ ಮಾಡುವ ವ್ಯವಸ್ಥೆ) ಆಫ್ ಮಾಡಬೇಕು. ಇಲ್ಲದಿದ್ದರೆ ಹಿನ್ನೆಲೆಯ ಬೆಳಕಿನ ಉಂಡೆಗಳು ಅರ್ಧ ಕತ್ತರಿಸಿದಂತೆ ಬರುತ್ತವೆ.

ಸೆಕೆಂಡಿಗೆ 10 ಚಿತ್ರ ಎಂಬ ಮಾತಿಗೂ ಷರತ್ತಿದೆ. ರಾ, ಅಂದರೆ ಸೆನ್ಸರ್‌ನ ಮೂಲ ಮಾಹಿತಿಯ ಫೈಲಿನಲ್ಲಿ, ಆ ವೇಗ ಸಿಗುವುದು ಅದನ್ನು ಕುಗ್ಗಿಸಿಡುವ ಕಂಪ್ರೆಸ್ಡ್ ಇಟ್ಟಾಗ ಮಾತ್ರ. ಲಾಸ್‌ಲೆಸ್ (ಮಾಹಿತಿ ಕಳೆಯದೆ ಕುಗ್ಗಿಸಿದ್ದು) ಅಥವಾ ಅನ್‌ಕಂಪ್ರೆಸ್ಡ್‌ಗೆ ಬದಲಿಸಿದರೆ ಆರರ ಆಸುಪಾಸಿಗೆ ಇಳಿಯುತ್ತದೆ. ಮದುವೆ, ಭಾವಚಿತ್ರಕ್ಕೆ ಲಾಸ್‌ಲೆಸ್ ಇಟ್ಟುಕೊಳ್ಳುವುದೇ ಒಳ್ಳೆಯದು; ಒಂದೊಂದು ಫೈಲ್ ಸುಮಾರು 40 ಎಂಬಿ. ಕಂಬಳದ ಓಟ, ಹಕ್ಕಿ, ಕಬಡ್ಡಿಗೆ ಕಂಪ್ರೆಸ್ಡ್. ಕಂಪ್ರೆಸ್ಡ್‌ನಲ್ಲಿ ನಷ್ಟ ಕಾಣುವುದು ಕಡು ಕಪ್ಪಿನ ಪಕ್ಕದಲ್ಲೇ ತೀಕ್ಷ್ಣ ಬೆಳಕಿರುವ ಅಂಚುಗಳಲ್ಲಿ, ಅದೂ ನೆರಳನ್ನು ಬಹಳ ಎತ್ತಿದಾಗ.

ಕೋಡೆಕ್, ಕಾರ್ಡ್, ಕಂಪ್ಯೂಟರ್

ಕೋಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸಿಡುವ ವಿಧಾನ. 25ಪಿಗೆ ಎಕ್ಸ್‌ಎವಿಸಿ ಎಸ್ 4ಕೆ, 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚು ಉಳಿಯುವ ರೂಪ), ಸೆಕೆಂಡಿಗೆ 140 ಮೆಗಾಬಿಟ್ ಆಯ್ಕೆ ಸಾಕು. ಲೆಕ್ಕ ಸುಲಭ: 140ನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 17.5 ಎಂಬಿ, ಗಂಟೆಗೆ 63 ಜಿಬಿ. 128 ಜಿಬಿ ಕಾರ್ಡಿನಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಇದಕ್ಕೆ ವಿ60 ಗುರುತಿನ (ಬರೆಯುವ ವೇಗದ ದರ್ಜೆ) ಎಸ್‌ಡಿ ಕಾರ್ಡ್ ಧಾರಾಳವಾಯಿತು. ಎಕ್ಸ್‌ಎವಿಸಿ ಎಸ್-ಐ ಅಂದರೆ ಆಲ್-ಇಂಟ್ರಾ (ಪ್ರತಿ ಫ್ರೇಮನ್ನೂ ಬೇರೆಬೇರೆಯಾಗಿ ಕುಗ್ಗಿಸುವುದರಿಂದ ಕಂಪ್ಯೂಟರ್‌ಗೆ ಬಿಡಿಸಲು ಸುಲಭ), 25ಪಿಯಲ್ಲಿ 250 ಮೆಗಾಬಿಟ್, ಗಂಟೆಗೆ 112 ಜಿಬಿಗೂ ಹೆಚ್ಚು. ಅದಕ್ಕೆ ವಿ90 ಬೇಕು. ಮೊದಲ ಸ್ಲಾಟ್ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಎ ಕಾರ್ಡನ್ನೂ ನುಂಗುತ್ತದೆ, ಎರಡನೆಯದು ಎಸ್‌ಡಿ ಮಾತ್ರ. ಟೈಪ್ ಎ ಕಾರ್ಡಿಗೆ ಸುರಿಯುವ ಹಣದಲ್ಲಿ ಎರಡು ವಿ60 ಕಾರ್ಡ್ ಕೊಂಡು ಎರಡೂ ಸ್ಲಾಟ್‌ಗಳಲ್ಲಿ ಏಕಕಾಲಕ್ಕೆ ರೆಕಾರ್ಡ್ ಮಾಡುವುದು ಜಾಣತನ. ಧಾರೆ ಎರೆಯುವುದನ್ನು ಇನ್ನೊಮ್ಮೆ ಮಾಡಿ ಎನ್ನಲಾಗುವುದಿಲ್ಲ.

ಬಹಳ ಜನ ಎಡವುವುದು ಕಂಪ್ಯೂಟರ್‌ನಲ್ಲಿ. ಎಕ್ಸ್‌ಎವಿಸಿ ಎಸ್ ಎಂದರೆ ಎಚ್.264, ಅದರ 10 ಬಿಟ್ 4:2:2 ರೂಪವನ್ನು ಬಿಡಿಸಲು ಹೆಚ್ಚಿನ ವಿಂಡೋಸ್ ಯಂತ್ರಗಳ ಗ್ರಾಫಿಕ್ಸ್ ಚಿಪ್‌ಗೆ ಬರುವುದಿಲ್ಲ. ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದು ಟೈಮ್‌ಲೈನ್ ತಡವರಿಸುತ್ತದೆ. ಎಕ್ಸ್‌ಎವಿಸಿ ಎಚ್‌ಎಸ್, ಅಂದರೆ ಎಚ್.265, ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಒಳಗಿನ ಗ್ರಾಫಿಕ್ಸ್‌ನಲ್ಲಿ, ಆಪಲ್‌ನ ಎಂ ಸರಣಿಯಲ್ಲಿ ಸಲೀಸಾಗಿ ಓಡುತ್ತದೆ. ಆದರೆ 4ಕೆ 25ಪಿಗೆ ಈ ಕ್ಯಾಮೆರಾ ಎಚ್‌ಎಸ್ ಕೊಡುವುದಿಲ್ಲ, 24ಪಿ ಮತ್ತು 50ಪಿ, 60ಪಿಗೆ ಮಾತ್ರ. ಆದ್ದರಿಂದ 25ಪಿಯವರಿಗೆ ದಾರಿ ಎರಡು: ಕಾರ್ಡ್ ಜಾಗ ಹೋದರೂ ಪರವಾಗಿಲ್ಲವೆಂದು ಆಲ್-ಇಂಟ್ರಾ ಹಾಕುವುದು, ಇಲ್ಲವೇ ಪ್ರಾಕ್ಸಿ (ಎಡಿಟಿಂಗ್‌ಗಾಗಿ ಹಗುರವಾದ ನಕಲು) ಮಾಡಿಕೊಳ್ಳುವುದು. ಕ್ಯಾಮೆರಾದಲ್ಲೇ ಪ್ರಾಕ್ಸಿ ರೆಕಾರ್ಡಿಂಗ್ ಆನ್ ಮಾಡುವ ಸೌಲಭ್ಯವಿದೆ. ಅದನ್ನು ಬಳಸಿಕೊಂಡರೆ ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಕೆಲಸ ಸಾಗುತ್ತದೆ. ಕ್ಯಾಮೆರಾ ಕೊಳ್ಳಲು ಬಜೆಟ್ ಇಡುವಾಗ ಕಂಪ್ಯೂಟರ್‌ಗೂ ಒಂದು ಪಾಲು ತೆಗೆದಿಡಿ.

ಎಡಿಟಿಂಗ್‌ನಲ್ಲಿ ಬಣ್ಣ ತಿದ್ದಲೆಂದು ಮಂಕಾಗಿ ದಾಖಲಿಸುವ ಎಸ್-ಲಾಗ್3ಯಲ್ಲಿ ಕನಿಷ್ಠ ಐಎಸ್‌ಒ 800. 3200ಕ್ಕೆ ಬಂದಾಗ ನಾಯ್ಸ್ ಮತ್ತೆ ತಗ್ಗುತ್ತದೆ. ಹಾಗಾಗಿ 1600, 2000 ಎಂದು ಮಧ್ಯದಲ್ಲಿ ಒದ್ದಾಡುವ ಬದಲು ನೇರ 3200ಕ್ಕೆ ಹೋಗಿ ಎನ್‌ಡಿ (ಬೆಳಕು ತಗ್ಗಿಸುವ ಫಿಲ್ಟರ್) ಅಥವಾ ಅಪರ್ಚರ್‌ನಿಂದ ಬೆಳಕು ಹೊಂದಿಸುವುದು ಮೇಲು. ಲಾಗ್ ಅನ್ನು ಮೀಟರ್ ಹೇಳಿದಷ್ಟೇ ಎಕ್ಸ್‌ಪೋಸ್ ಮಾಡಿದರೆ ಕಪ್ಪು ಕೂದಲು, ಕಡು ಬಣ್ಣದ ಸೂಟು ನಾಯ್ಸ್‌ನಿಂದ ಕುದಿಯುತ್ತವೆ. ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಿ. ಝೀಬ್ರಾ (ಹೊಳಪು ಗೊತ್ತುಮಾಡಿದ ಮಟ್ಟ ಮುಟ್ಟಿದಲ್ಲಿ ಸ್ಕ್ರೀನ್ ಮೇಲೆ ಪಟ್ಟೆ ತೋರಿಸುವ ಸೌಲಭ್ಯ) 94+ ಇಟ್ಟುಕೊಂಡು, ಬಿಳಿ ಪಂಚೆಯ ಮೇಲೆ ಪಟ್ಟೆ ಮೂಡುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ. ಅದೇ ದಿನ ಸಂಜೆ ವಿಡಿಯೊ ಕೊಡಬೇಕಿದ್ದರೆ, ಕಲರ್ ಗ್ರೇಡಿಂಗ್‌ಗೆ ಪುರುಸೊತ್ತಿಲ್ಲದಿದ್ದರೆ, ಎಸ್-ಸಿನಟೋನ್ (ಬಣ್ಣ ಹೊಂದಿಸಿಯೇ ಬರುವ ಸೋನಿಯ ಪ್ರೊಫೈಲ್) ಹಾಕಿ. ಚರ್ಮದ ಬಣ್ಣ ಹಿತವಾಗಿರುತ್ತದೆ, ಅರಿಶಿನದ ಶಾಸ್ತ್ರದ ಹಳದಿ ಕಿರುಚುವುದಿಲ್ಲ. ಮುಖಕ್ಕೆ ಝೀಬ್ರಾ 70 ಎಂಬ ಸೂತ್ರ ಬಿಳಿ ಚರ್ಮಕ್ಕೆ ಹೇಳಿದ್ದು. ನಮ್ಮ ಮೈಬಣ್ಣಕ್ಕೆ 50ರಿಂದ 60ರ ನಡುವೆ ಇಟ್ಟರೆ ಸಹಜವಾಗಿ ಕಾಣುತ್ತದೆ.

ವೈಟ್ ಬ್ಯಾಲೆನ್ಸ್‌ಗೆ ಎದುರಿನವರ ಬಿಳಿ ಪಂಚೆಯನ್ನೇ ಹಿಡಿದು ಕಸ್ಟಮ್ ಸೆಟ್ ಮಾಡುವ ಅಭ್ಯಾಸ ಹಲವರಿಗಿದೆ. ಒಗೆಯುವಾಗ ನೀಲಿ ಹಾಕಿರುತ್ತಾರೆ, ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವೂ ಇರುತ್ತದೆ. ಕ್ಯಾಮೆರಾ ಆ ನೀಲಿಯನ್ನು ಸರಿದೂಗಿಸಲು ಹೋಗಿ ಮುಖಗಳನ್ನು ಹಳದಿ ಮಾಡುತ್ತದೆ. ಒಂದು ಗ್ರೇ ಕಾರ್ಡ್ ಜೇಬಿನಲ್ಲಿರಲಿ.

ಹೊರಾಂಗಣದಲ್ಲಿ ಎನ್‌ಡಿ ಫಿಲ್ಟರ್ ಇಲ್ಲದೆ ಲಾಗ್ ಅಸಾಧ್ಯ. ಉರಿಬಿಸಿಲಿನಲ್ಲಿ ಐಎಸ್‌ಒ 800ಕ್ಕೆ ಎಫ್/16, 1/800 ಸರಿಯಾದ ಎಕ್ಸ್‌ಪೋಶರ್. ಶಟರ್ 1/50ಕ್ಕೆ ಇಳಿಸಿದರೆ ನಾಲ್ಕು ಸ್ಟಾಪ್, ಎಫ್/4ಕ್ಕೆ ತೆರೆದರೆ ಇನ್ನು ನಾಲ್ಕು; ಒಟ್ಟು ಎಂಟು ಸ್ಟಾಪ್ ತಡೆಯಬೇಕು. 2ರಿಂದ 5 ಸ್ಟಾಪ್‌ನ ವೇರಿಯಬಲ್ ಎನ್‌ಡಿ ಒಂದೇ ಸಾಲದು, 6ರಿಂದ 9ರದ್ದು ಬೇಕು. ಅಗ್ಗದವುಗಳನ್ನು ಕೊನೆಯವರೆಗೆ ತಿರುಗಿಸಿದರೆ ಆಕಾಶದಲ್ಲಿ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ, ಅದನ್ನು ಎಡಿಟಿಂಗ್‌ನಲ್ಲಿ ತೆಗೆಯಲಾಗದು.

ಫೋಕಸ್

ಆಟೊಫೋಕಸ್‌ಗಾಗಿಯೇ ಈ ಕ್ಯಾಮೆರಾ ಕೊಂಡವರು ಪಶ್ಚಾತ್ತಾಪ ಪಟ್ಟದ್ದು ಕಡಿಮೆ. ಮನುಷ್ಯ, ಪ್ರಾಣಿ, ಹಕ್ಕಿ ಮೂರರ ಕಣ್ಣನ್ನೂ ಫೋಟೊ, ವಿಡಿಯೊ ಎರಡರಲ್ಲಿ ಹಿಡಿಯುತ್ತದೆ. ವಿಡಿಯೊಗೆ ಎಎಫ್ ಟ್ರಾನ್ಸಿಷನ್ ಸ್ಪೀಡ್ 4 ಅಥವಾ 5, ಸಬ್ಜೆಕ್ಟ್ ಶಿಫ್ಟ್ ಸೆನ್ಸಿಟಿವಿಟಿ 2 ಇಟ್ಟರೆ, ಮಧ್ಯೆ ಪುರೋಹಿತರ ಕೈ ಅಡ್ಡ ಬಂದರೂ ವಧುವಿನ ಮುಖದಿಂದ ಫೋಕಸ್ ಜಿಗಿಯುವುದಿಲ್ಲ. ಸೋಲುವ ಜಾಗಗಳೂ ಇವೆ. ಬಣ್ಣದ ವೇಷದ ಮುಖವರ್ಣಿಕೆಯಲ್ಲಿ ಮುಖವೇ ಮುಖದಂತಿರುವುದಿಲ್ಲ, ಕಣ್ಣು ಹುಡುಕುತ್ತಾ ಫೋಕಸ್ ಹಿಂದೆ ಕುಳಿತ ಭಾಗವತರ ಮೇಲೆ ಹೋಗಿ ನಿಲ್ಲಬಹುದು. ಆಗ ಸ್ಕ್ರೀನ್ ಮೇಲೆ ವೇಷವನ್ನು ಮುಟ್ಟಿ ಟ್ರ್ಯಾಕಿಂಗ್‌ಗೆ ಬಿಡಿ, ಕಣ್ಣಿನ ಗುರುತಿಸುವಿಕೆ ಆಫ್ ಇರಲಿ. ಹೋಮದ ಹೊಗೆಯಲ್ಲೂ ಅಷ್ಟೇ. ಅಲ್ಲಿ ಮ್ಯಾನುಯಲ್ ಫೋಕಸ್ ಇನ್ನೂ ಭದ್ರ.

ಅಲುಗಾಟ ತಡೆಯುವ ಬಾಡಿಯೊಳಗಿನ ಸ್ಟೆಬಿಲೈಸೇಷನ್ 5.5 ಸ್ಟಾಪ್ ಎಂದಿದ್ದರೂ ವಿಡಿಯೊದಲ್ಲಿ ಪ್ಯಾನಸಾನಿಕ್‌ನವರದ್ದರಷ್ಟು ಗಟ್ಟಿಯಲ್ಲ. ನಿಂತು ಹಿಡಿಯಲು ಸ್ಟ್ಯಾಂಡರ್ಡ್ ಸಾಕು. ಆ್ಯಕ್ಟಿವ್ ಹಾಕಿದರೆ ಇನ್ನೂ ಸ್ವಲ್ಪ ಕ್ರಾಪ್ ಆಗುತ್ತದೆ. ನಡೆಯುತ್ತಾ ಶೂಟ್ ಮಾಡಲು ಗಿಂಬಲ್ (ಕ್ಯಾಮೆರಾವನ್ನು ಸ್ಥಿರವಾಗಿಡುವ ಮೋಟಾರಿನ ಹಿಡಿಕೆ) ಬೇಕೇಬೇಕು.

ಬಿಸಿ, ಬ್ಯಾಟರಿ, ಮಳೆ

ಒಳಗೆ ಫ್ಯಾನ್ ಇಲ್ಲ. ಕಂಪನಿ ಹೇಳುವ ಬಳಕೆಯ ಉಷ್ಣಾಂಶದ ಮಿತಿ 40 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಹೊರಗಿನ ಗಾಳಿಯೇ ಅದನ್ನು ದಾಟಿರುತ್ತದೆ. ಆಟೊ ಪವರ್ ಆಫ್ ಟೆಂಪರೇಚರ್ ಅನ್ನು ಹೈಗೆ ಇಡುವುದು ಮೊದಲ ಕೆಲಸ. ಸ್ಕ್ರೀನನ್ನು ಕ್ಯಾಮೆರಾದ ಬೆನ್ನಿಗೆ ಅಂಟಿಸಿಟ್ಟರೆ ಬಿಸಿ ಹೊರಹೋಗುವ ದಾರಿ ಮುಚ್ಚುತ್ತದೆ, ಪಕ್ಕಕ್ಕೆ ತೆರೆದಿಡಿ. ಶೂಟ್ ಇಲ್ಲದಾಗ ಆಫ್ ಮಾಡಿ. ಬಿಸಿಲಿನಲ್ಲಿ ಒಂದು ಬಿಳಿ ಟವೆಲ್ ಹೊದಿಸಿದರೂ ಎದ್ದು ಕಾಣುವ ವ್ಯತ್ಯಾಸವಿದೆ. ಗಂಟೆಗಟ್ಟಲೆ ಬಿಡದೆ ರೆಕಾರ್ಡ್ ಮಾಡುವ ಸಭೆ, ಉಪನ್ಯಾಸಗಳಿಗೆ 25ಪಿ ಯೋಗ್ಯ. 50ಪಿಯಲ್ಲಿ ಬಿಸಿ ಬೇಗ ಏರುತ್ತದೆ.

ಎನ್‌ಪಿ-ಎಫ್‌ಝಡ್100 ಬ್ಯಾಟರಿ ಇದರ ಬಲಗೈ. ಸ್ಕ್ರೀನ್ ನೋಡಿಕೊಂಡು ತೆಗೆದರೆ 580 ಚಿತ್ರ ಎಂದು ಅಳತೆ ಹೇಳುತ್ತದೆ, ಒಂದರ ಹಿಂದೊಂದು ತೆಗೆದರೆ ಸಾವಿರ ದಾಟುವುದೂ ಉಂಟು. ವಿಡಿಯೊಗೆ ಬಿಟ್ಟುಬಿಟ್ಟು ಶೂಟ್ ಮಾಡುವಲ್ಲಿ ಒಂದೂವರೆ ಗಂಟೆಯ ಲೆಕ್ಕ ಹಿಡಿಯಿರಿ. ಇಡೀ ದಿನದ ಮದುವೆಗೆ ನಾಲ್ಕು ಬ್ಯಾಟರಿ. ಟ್ರೈಪಾಡ್ ಮೇಲಿದ್ದರೆ ಪಿಡಿ (ಪವರ್ ಡೆಲಿವರಿ) ಇರುವ ಪವರ್ ಬ್ಯಾಂಕ್‌ನಿಂದ ಯುಎಸ್‌ಬಿ-ಸಿ ಮೂಲಕ ನಡೆಸಬಹುದು, ಒಳಗೆ ಬ್ಯಾಟರಿ ಇರಲೇಬೇಕು.

ಧ್ವನಿ ಬಗ್ಗೆ ಒಂದೇ ಮಾತು: ಕ್ಯಾಮೆರಾದ ರೆಕಾರ್ಡ್ ಲೆವೆಲ್ ಕಡಿಮೆ ಇಟ್ಟು ಮೈಕಿನ ಔಟ್‌ಪುಟ್ ಹೆಚ್ಚಿಸಿ, ಏರುದನಿ ಮೈನಸ್ 12 ಡಿಬಿ ದಾಟದಿರಲಿ. ಚೆಂಡೆ, ನಾದಸ್ವರ, ಡೋಲಿಗೆ 32 ಬಿಟ್ ಫ್ಲೋಟ್ ರೆಕಾರ್ಡರ್ (ದನಿ ಜೋರಾದರೂ ಒಡೆಯದಂತೆ ದಾಖಲಿಸುವ ಬಗೆ) ಪ್ರತ್ಯೇಕವಾಗಿಯೇ ಇರಬೇಕು.

ಮಲೆನಾಡು, ಕರಾವಳಿಯವರಿಗೆ ಸೆನ್ಸರ್‌ಗಿಂತ ದೊಡ್ಡ ಚಿಂತೆ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಚರ್ಮದ ಚೀಲದಲ್ಲೋ ಬಟ್ಟೆ ಬೀರುವಿನಲ್ಲೋ ಇಟ್ಟರೆ ಗಾಜಿನ ಒಳಗೆ ಜೇಡರ ಬಲೆಯಂಥ ಫಂಗಸ್ ಬೆಳೆಯುತ್ತದೆ, ಅದು ಕೋಟಿಂಗ್ ತಿಂದ ಮೇಲೆ ಸ್ವಚ್ಛ ಮಾಡಿಸಿದರೂ ಕಲೆ ಉಳಿಯುತ್ತದೆ. 30 ಲೀಟರಿನ ಡ್ರೈ ಕ್ಯಾಬಿನೆಟ್ ಕೊಂಡು ತೇವಾಂಶ 40ರಿಂದ 50 ಶೇಕಡಾ ಇಡಿ. ಅದಾಗದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಹೈಗ್ರೋಮೀಟರ್, ಅರ್ಧ ಕಿಲೊ ಸಿಲಿಕಾ ಜೆಲ್. ಜೆಲ್‌ನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಬಹುದು, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ಎಸಿ ಹಾಲ್‌ನಿಂದ ಸೆಖೆಯ ಹೊರಾಂಗಣಕ್ಕೆ ಬರುವಾಗ ಬ್ಯಾಗಿನ ಜಿಪ್ ಹಾಕಿಯೇ ಇಪ್ಪತ್ತು ನಿಮಿಷ ಬಿಡಿ. ತಕ್ಷಣ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಮಂಜು ಕೂರುತ್ತದೆ. ಪವರ್ ಆಫ್ ಮಾಡಿದಾಗ ಶಟರ್ ಮುಚ್ಚುವ ಆಯ್ಕೆ ಆನ್ ಇಟ್ಟರೆ ಧೂಳು ಕಡಿಮೆ, ಆದರೆ ಆ ಪರದೆಗೆ ಬೆರಳು ತಾಗಿಸಬಾರದು, ಬ್ಲೋವರ್‌ನಿಂದ ಬಲವಾಗಿ ಊದಲೂಬಾರದು.

ಲೆನ್ಸ್, ಮತ್ತು ಬೇರೆ ಆಯ್ಕೆಗಳು

ಸೋನಿಯ ಲೆನ್ಸ್ ಜೋಡಣೆಯಾದ ಇ ಮೌಂಟ್‌ನ ದೊಡ್ಡ ಲಾಭ ಬೇರೆ ಕಂಪನಿಗಳ ಲೆನ್ಸ್. ಟ್ಯಾಮ್ರಾನ್ 28-75 ಎಫ್/2.8 ಜಿ2 540 ಗ್ರಾಂ, 67 ಎಂಎಂ ಫಿಲ್ಟರ್, ಗಿಂಬಲ್‌ಗೆ ಹೇಳಿಮಾಡಿಸಿದ್ದು. 50ಪಿ ಕ್ರಾಪ್‌ನಲ್ಲಿ 28 ಎಂಎಂ ತೀರಾ ಇಕ್ಕಟ್ಟು ಎನ್ನುವವರಿಗೆ ಸೋನಿಯ 20-70 ಎಫ್/4 ಜಿ ಸರಿ, 488 ಗ್ರಾಂ, ಬೆಳಕು ಒಂದು ಸ್ಟಾಪ್ ಕಡಿಮೆ. ಫೋಕಸ್ ಬದಲಾಗುವಾಗ ಚಿತ್ರ ಉಸಿರಾಡಿದಂತೆ ಹಿಗ್ಗಿ ಕುಗ್ಗುವುದನ್ನು ತಡೆಯುವ ಬ್ರೀದಿಂಗ್ ಕಾಂಪೆನ್ಸೇಷನ್ ಸೋನಿಯ ಆಯ್ದ ಲೆನ್ಸ್‌ಗಳಿಗಷ್ಟೇ ಸಿಗುತ್ತದೆ ಎಂಬುದು ನೆನಪಿರಲಿ.

ಪೂರ್ತಿ ಅಗಲದ 4ಕೆ 50ಪಿ ಅನಿವಾರ್ಯವಾದರೆ ಈ ಕ್ಯಾಮೆರಾ ಬಿಡಿ. ಕ್ಯಾನನ್ ಆರ್6 ಮಾರ್ಕ್ 2 ಅದನ್ನು ಕೊಡುತ್ತದೆ, 24 ಮೆಗಾಪಿಕ್ಸೆಲ್. ಆದರೆ ಕ್ಯಾನನ್‌ನ ಆರ್‌ಎಫ್ ಮೌಂಟ್‌ನಲ್ಲಿ ಹೊರಗಿನವರ ಫುಲ್‌ಫ್ರೇಮ್ ಆಟೊಫೋಕಸ್ ಲೆನ್ಸ್‌ಗಳ ಬರ. 2024ರಲ್ಲಿ ಬಂದ ನಿಕಾನ್ ಝಡ್6 ಮಾರ್ಕ್ 3 ಭಾಗಶಃ ಸ್ಟ್ಯಾಕ್ಡ್ ಸೆನ್ಸರ್‌ನದು, ಕಂಬ ಓರೆಯಾಗುವ ಕಾಟ ಬಹಳ ಕಡಿಮೆ. ಗಂಟೆಗಟ್ಟಲೆ ನಾಟಕ, ಸಂಗೀತ ಕಛೇರಿ ರೆಕಾರ್ಡ್ ಮಾಡುವವರಿಗೆ ಫ್ಯಾನ್ ಇರುವ ಪ್ಯಾನಸಾನಿಕ್ ಎಸ್5 ಮಾರ್ಕ್ 2 ನಿಶ್ಚಿಂತೆ, ಅದರಲ್ಲೂ 50ಪಿ ಕ್ರಾಪ್ ಇದೆ. ಸೋನಿಯಲ್ಲೇ ಉಳಿಯುವವರಿಗೆ 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ಎ7 ಮಾರ್ಕ್ 5 ಅದೇ 33 ಮೆಗಾಪಿಕ್ಸೆಲ್‌ನಲ್ಲಿ ವೇಗದ ಓದು, ಪೂರ್ತಿ ಅಗಲದ 60ಪಿ ಎರಡನ್ನೂ ತಂದಿದೆ. ಎ7ಸಿ 2 ಇದೇ ಸೆನ್ಸರ್‌ನ ಚಿಕ್ಕ ಬಾಡಿ. ಕಾರ್ಡ್ ಸ್ಲಾಟ್ ಒಂದೇ ಆದ್ದರಿಂದ ಮದುವೆ ಕೆಲಸಕ್ಕೆ ಒಲ್ಲೆ.

ಹೊಸದು ಬಂದ ಮೇಲೆ ಮಾರ್ಕ್ 4 ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತಿದೆ. ಕೊಳ್ಳುವಾಗ ಲೆನ್ಸ್ ಮುಚ್ಚಳ ಹಾಕಿ 30 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟು ಹಾಟ್ ಪಿಕ್ಸೆಲ್ (ಕತ್ತಲಲ್ಲೂ ಹೊಳೆಯುವ ಚುಕ್ಕೆ) ನೋಡಿ. ಎಫ್/16ರಲ್ಲಿ ಆಕಾಶ ತೆಗೆದು ಕಲೆ ನೋಡಿ. ಧೂಳಾದರೆ ಊದಿದ ಮೇಲೆ ಜರುಗುತ್ತದೆ, ಗೀರಾದರೆ ಅಲ್ಲೇ ಇರುತ್ತದೆ. ಎರಡೂ ಸ್ಲಾಟ್‌ಗಳಲ್ಲಿ ನಿಮ್ಮದೇ ಕಾರ್ಡ್ ಹಾಕಿ ಏಕಕಾಲಕ್ಕೆ ಹತ್ತು ನಿಮಿಷ ರೆಕಾರ್ಡ್ ಮಾಡಿಸಿ. ಸ್ಕ್ರೀನನ್ನು ಪೂರ್ತಿ ತೆರೆದು ತಿರುಗಿಸುವಾಗ ಚಿತ್ರ ಮಿನುಗಿದರೆ ಒಳಗಿನ ರಿಬ್ಬನ್ ಕೇಬಲ್ ಸವೆದಿದೆ ಎಂದರ್ಥ. ಸ್ಟೆಬಿಲೈಸೇಷನ್ ಆನ್ ಇಟ್ಟು ಟ್ರೈಪಾಡ್ ಮೇಲೆ ಒಂದು ನಿಮಿಷ ವಿಡಿಯೊ ಮಾಡಿ, ಮೂಲೆಗಳು ತಾವಾಗಿಯೇ ಅದುರುತ್ತಿದ್ದರೆ ಆ ಬಾಡಿ ಬೇಡ.